ಸಂದೂಕ ಖಾಲಿಯಾದ ಶನಿವಾರ

ಎರಡು ತಿಂಗಳ ಹಿಂದಿನ ಮಾತು. ನಾನು ಇನ್ನೂ ಬದುಕಿದ್ದೇನೆ ಎಂದು ಸರ್ಕಾರಕ್ಕೆ ತಿಳಿಸೋಣವೆಂದು ಒಂದು ಬೆಳಿಗ್ಗೆ ಬೀದರಿನ ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತೆ. ನಿವೃತ್ತ ಮಾಸ್ತರರು ವರ್ಷಕ್ಕೊಮ್ಮೆ ಹೀಗೆ ತಿಳಿಸಬೇಕು. ತಿಳಿಸದಿದ್ದರೆ ಕಾಗದದಲ್ಲಿ ತೀರಿಕೊಂಡ ಹಾಗೆ. ವೆಬ್‌ಸೈಟುಗಳನ್ನು ತೆರೆಯುವ ಆ್ಯಪನ್ನು ಒತ್ತಿದೆ. ಅದು ತೆರೆಯಲಿಲ್ಲ. ಬದಲಿಗೆ ಪರದೆಯ ಮೇಲಿನಿಂದ ಬಣ್ಣಬಣ್ಣದ ಕಾಗದದ ಚೂರುಗಳು ಉದುರಿದವು, ಕೆಳಗಿನಿಂದ ಒಂದು ಬಲೂನು ಎದ್ದಿತು, ಬಲೂನಿನ ಹೊಟ್ಟೆಯ ಮೇಲೆ ಕನ್ನಡದಲ್ಲೇ ಬರೆದಿತ್ತು: 'ಹೊಸದೇನಿದೆ ನೋಡಿ!' ಯಾರ ಮದುವೆಯೋ, ನನ್ನನ್ನು ಯಾರು ಕರೆದರೋ ತಿಳಿಯಲಿಲ್ಲ. ಅವಸರದಲ್ಲಿದ್ದವನನ್ನು ಬಾಗಿಲಲ್ಲೇ ಹಿಡಿದು ಪನ್ನೀರು ಚಿಮುಕಿಸುವವರ ಹಾಗೆ ಅದು ನನ್ನನ್ನು ತಡೆದು ನಿಲ್ಲಿಸಿತು.

ನಿಮಗೂ ಈ ಸತ್ಕಾರ ಆಗಿರುತ್ತದೆ, ಹೊಸದಾಗಿ ವರ್ಣಿಸಬೇಕಿಲ್ಲ. ಆದರೂ ನನ್ನ ಪಾಲಿಗೆ ಬಂದದ್ದನ್ನು ಹೇಳುತ್ತೇನೆ. ಗುಂಡಿಗಳ ಮೂಲೆಗಳು ಈ ಸಲ ಇನ್ನಷ್ಟು ದುಂಡಗಾಗಿವೆಯಂತೆ. ಹಿಂದೆ ಚೂಪಾಗಿದ್ದಾಗ ಯಾರ ಕೈ ತರಚಿತ್ತೋ ದೇವರಿಗೇ ಗೊತ್ತು. ಬಹಳ ಹೊತ್ತು ಮುಟ್ಟದೆ ಬಿಟ್ಟ ಟ್ಯಾಬುಗಳು ಇನ್ನು ಮುಂದೆ ತಾವಾಗಿಯೇ ಮಲಗುತ್ತವಂತೆ. ಕೊನೆಯ ಬೆಂಚಿನಲ್ಲಿ ಈ ಸೌಲಭ್ಯವನ್ನು ನಾನು ಮೂವತ್ತು ವರ್ಷ ದಿನಾ ನೋಡಿದ್ದೇನೆ, ಅದಕ್ಕೆ ಯಾರೂ ಬಲೂನು ಹಾರಿಸಿರಲಿಲ್ಲ. ಉದ್ದದ ಲೇಖನವನ್ನು ನಮ್ಮ ಪರವಾಗಿ ತಾನೇ ಓದಿ ಮೂರು ಸಾಲಿನಲ್ಲಿ ಸಾರ ಹೇಳುವ ಸಹಾಯಕನೊಬ್ಬ ಬಂದಿದ್ದಾನೆ. ಪುಟವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುವ ಹೆಣ್ಣುದನಿಯೊಂದು ಬಂದಿದೆ, ಒತ್ತಿ ಕೇಳಿದೆ. ಆಕೆ ಒತ್ತಕ್ಷರ ಕಂಡಲ್ಲೆಲ್ಲ ಎಡವಿ ಬಿದ್ದು, ಎದ್ದು, ಏನೂ ಆಗಿಲ್ಲವೆಂಬಂತೆ ಮುಂದೆ ನಡೆದಳು. ಅವಳ ಧೈರ್ಯ ನನಗೆ ಹಿಡಿಸಿತು.

ಐದನೆಯ ಸೌಲಭ್ಯಕ್ಕೆ ಬಂದೆ. 'ಈಗ ನಿಮ್ಮ ಮೆಚ್ಚಿನ ಪುಟಗಳನ್ನು ಉಳಿಸಿಟ್ಟುಕೊಳ್ಳಿ. ಇಂಟರ್ನೆಟ್ ಇಲ್ಲದಾಗಲೂ ಓದಿ. ಹೊಚ್ಚ ಹೊಸದು!'

ನನ್ನ ಕೈ ಮೌಸಿನ ಮೇಲೆಯೇ ನಿಂತಿತು. ಒಳಗಿನಿಂದ ಹೆಂಡತಿ ಕೂಗಿದಳು: "ಏನ್ರಿ, ಬದುಕೀನಿ ಅಂತ ಬರದ್ರೇನು?"

"ಇನ್ನಾ ಇಲ್ಲ" ಎಂದೆ.

ಹೊಚ್ಚ ಹೊಸದು ಎಂದು ಅವರು ಹೇಳುತ್ತಿದ್ದ ಈ ಸೌಲಭ್ಯ ಇದೇ ಆ್ಯಪಿನಲ್ಲಿ ಹತ್ತು ವರ್ಷದ ಹಿಂದೆಯೇ ಇತ್ತು. ನಾನು ಅದನ್ನು ಬಳಸಿದ್ದೆ, ಬಳಸಲು ಇನ್ನೊಬ್ಬರಿಗೆ ಹೇಳಿಕೊಟ್ಟಿದ್ದೆ, ಆಮೇಲೆ ಅದು ಹೋಗುವುದನ್ನೂ ಕಂಡಿದ್ದೆ. ಅದು ಹೋದಾಗಲೂ ಇಂಥದೇ ಒಂದು ಸಂಭ್ರಮದ ಪುಟ ಬಂದಿತ್ತು: 'ಇನ್ನಷ್ಟು ಹಗುರ, ಇನ್ನಷ್ಟು ಸ್ವಚ್ಛ!' ಕೊಡುವಾಗಲೂ ಹಬ್ಬ, ಕಿತ್ತುಕೊಳ್ಳುವಾಗಲೂ ಹಬ್ಬ. ಇಷ್ಟು ಸಂತೋಷವಾಗಿ ಬಾಳುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಗ ನಾನು ಔರಾದದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರನಾಗಿದ್ದೆ. ಮನೆ ಬೀದರಿನಲ್ಲಿ. ಔರಾದಕ್ಕೆ ರೈಲಿಲ್ಲವಾದ್ದರಿಂದ ನನ್ನ ಅರ್ಧ ಆಯುಷ್ಯ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡೇ ಕಳೆಯಿತು. ಒಂದು ವರ್ಷ ಶಾಲೆಗೆ ಐದು ಕಂಪ್ಯೂಟರ್ ಬಂದವು. ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಎದ್ದಾಗ ಹೆಡ್‌ಮಾಸ್ತರರು ಕೋಣೆಯ ಸುತ್ತ ಕಣ್ಣಾಡಿಸಿ ನನ್ನಲ್ಲಿಗೆ ಬಂದು ನಿಂತರು. ಕಾರಣವಿತ್ತು. ಹಿಂದೊಮ್ಮೆ ನಾನು ಅವರ ಕೈಗಡಿಯಾರದ ಸಮಯ ಸರಿ ಮಾಡಿಕೊಟ್ಟಿದ್ದೆ, ಮತ್ತು ಅದು ಡಿಜಿಟಲ್ ಗಡಿಯಾರವಾಗಿತ್ತು. ಅವತ್ತಿನಿಂದ ನಾನು 'ಕಂಪ್ಯೂಟರ್ ಸರ್'. ಎರಡು ವರ್ಷದಲ್ಲಿ ನನ್ನ ಆರೈಕೆಯಲ್ಲಿ ನಾಲ್ಕು ಕಂಪ್ಯೂಟರುಗಳು ಕಣ್ಣುಮುಚ್ಚಿದವು. ಐದನೆಯದು ಗಟ್ಟಿ ಜೀವ, ಉಳಿಯಿತು.

ಇಂಟರ್ನೆಟ್ ಆಗ ಔರಾದಕ್ಕೆ ದೊಡ್ಡ ಊರಿನ ನೆಂಟನ ಹಾಗೆ ಬರುತ್ತಿತ್ತು. ಯಾವಾಗ ಬರುತ್ತದೆ ಎಂದು ಹೇಳುವ ಹಾಗಿಲ್ಲ, ಬಂದರೆ ಕೂರುವುದಿಲ್ಲ, ಬಂದ ತಪ್ಪಿಗೆ ನಾವೇ ಉಪಚಾರ ಮಾಡಬೇಕು. ಅದಕ್ಕೇ ಆ ಆ್ಯಪಿನ ಮೂಲೆಯಲ್ಲಿದ್ದ ಒಂದು ಸಣ್ಣ ಗುಂಡಿ ನನಗೆ ವರವಾಗಿ ಕಂಡಿತ್ತು. ನೆಟ್ ಇದ್ದಾಗ ಅದನ್ನು ಒತ್ತಿದರೆ ಎದುರಿಗಿದ್ದ ಪುಟ ಒಳಗೆ ಹೋಗಿ ಕೂರುತ್ತಿತ್ತು. ನೆಟ್ ಹೋದ ಮೇಲೂ ತೆಗೆದು ಓದಬಹುದಿತ್ತು. ಅದಕ್ಕೆ 'ಸಂದೂಕ' ಎಂದು ಹೆಸರಿಟ್ಟವರು ಪ್ರಯಾಗಬಾಯಿ. ಅವರ ಮನೆಯಲ್ಲಿ ಬಟ್ಟೆಬರೆ ಇಡುವ ತಗಡಿನ ಪೆಟ್ಟಿಗೆಗೆ ಅದೇ ಹೆಸರು.

ಪ್ರಯಾಗಬಾಯಿ ಚಿಂತಾಕಿಯ ಅಂಗನವಾಡಿಯಲ್ಲಿ ಕಾರ್ಯಕರ್ತೆ. ನಲವತ್ತು ದಾಟಿದ್ದರು. ಮನೆಯ ಮಾತು ಮರಾಠಿ, ಊರಿನ ಮಾತು ಕನ್ನಡ. ಮಕ್ಕಳನ್ನು ಎಣಿಸುವುದು ಮರಾಠಿಯಲ್ಲಿ, ಗದರುವುದು ಕನ್ನಡದಲ್ಲಿ. ಹದಿನೆಂಟು ವರ್ಷದಿಂದ ಊರಿನ ಅರ್ಧ ಮಕ್ಕಳಿಗೆ ಮೊದಲ ಅಕ್ಷರ ಕಲಿಸಿದವರು, ಪೋಲಿಯೋ ಹನಿ ಹಾಕಿಸಿದವರು, ತೂಕದ ತಕ್ಕಡಿಯಲ್ಲಿ ತೂಗಿ 'ಇವಗ ಇನ್ನಾ ಎರಡು ರೊಟ್ಟಿ ಹೆಚ್ಚು ಹಾಕವ್ವ' ಎಂದು ತಾಯಂದಿರಿಗೆ ಬುದ್ಧಿ ಹೇಳಿದವರು. ಆ ವರ್ಷ ಕಾರ್ಯಕರ್ತೆಯರೇ ಪರೀಕ್ಷೆ ಬರೆದು ಮೇಲ್ವಿಚಾರಕಿ ಆಗಬಹುದೆಂಬ ಪ್ರಕಟಣೆ ಬಂದಿತ್ತು. ಅವರ ವಯಸ್ಸಿಗೆ ಅದೇ ಕೊನೆಯ ಅವಕಾಶ.

ಅವರಿಗೆ ಯಾಕೆ ಬೇಕಿತ್ತು ಅದು ಎಂದು ನಾನು ಮೊದಲ ದಿನವೇ ಕೇಳಿದ್ದೆ. ದೊಡ್ಡ ಉತ್ತರ ನಿರೀಕ್ಷಿಸಿದ್ದೆನೋ ಏನೋ. ಅವರು ಹೇಳಿದ್ದು ಇಷ್ಟು: "ಹಿಂದಕ ಒಬ್ಬರು ಮೇಡಂ ಬಂದಿದ್ರು ರಿ ನೋಡ್ಲಿಕ್ಕಿ. ರಜಿಸ್ಟರ್‌ದಾಗ ಒಂದು ಹೆಸರು ತಪ್ಪಿತ್ತು. ಮಕ್ಕಳ ಮುಂದೇ ನಂಗ ಎದ್ದು ನಿಲ್ಲಿಸಿ ಬೈದ್ರು. ಮರುದಿನ ಒಂದು ಕೂಸು ಬಂದು ನನ್ನ ಗಲ್ಲ ಸವರಿ, 'ಬಾಯಿ, ಅಳಬ್ಯಾಡ್ರಿ' ಅಂತು. ನಾ ಆ ಖುರ್ಚಿ ಮ್ಯಾಗ ಕೂತ್ರ ಮಕ್ಕಳ ಮುಂದ ಯಾರಿಗೂ ಬೈಯಾಂಗಿಲ್ಲ ರಿ. ಅಷ್ಟೇ."

ನಮ್ಮ ಹೆಡ್‌ಮಾಸ್ತರರ ಅಪ್ಪಣೆ ಪಡೆದು ಅವರು ಪ್ರತಿ ಶನಿವಾರ ಮಧ್ಯಾಹ್ನ ಚಿಂತಾಕಿಯಿಂದ ಬಸ್ಸಿನಲ್ಲಿ ಬರತೊಡಗಿದರು. ಶನಿವಾರ ಶಾಲೆ ಬೆಳಿಗ್ಗೆಯೇ ಮುಗಿಯುತ್ತಿತ್ತು, ಕಂಪ್ಯೂಟರ್ ಕೋಣೆ ಖಾಲಿ ಇರುತ್ತಿತ್ತು. ಅವರ ಕೈಲಿದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಪರೀಕ್ಷೆಗೆ ಬೇಕಾದ ಪುಸ್ತಕ ಔರಾದದ ಅಂಗಡಿಗಳಲ್ಲಿ ಇರಲಿಲ್ಲ. ಮೊದಲ ಶನಿವಾರ ಪರದೆಯ ಮೇಲೆ ಮಕ್ಕಳ ಪೌಷ್ಟಿಕ ಆಹಾರದ ಪುಟವೊಂದನ್ನು ತೆರೆದುಕೊಟ್ಟೆ. ಅವರು ಚೀಲದಿಂದ ಇನ್ನೂರು ಪುಟದ ನೋಟುಬುಕ್ಕು ತೆಗೆದು, ಮೊದಲ ಪುಟದ ನೆತ್ತಿಯಲ್ಲಿ ಶ್ರೀ ಬರೆದು, ಒಂದೊಂದೇ ಸಾಲು ಇಳಿಸತೊಡಗಿದರು.

ನಾನು ನಕ್ಕೆ. ಹೇಗೆ ನಕ್ಕೆನೆಂದರೆ, ವಿಮಾನದಲ್ಲಿ ಕೂತವನು ಕೆಳಗಿನ ಎತ್ತಿನ ಗಾಡಿ ನೋಡಿ ನಗುವ ಹಾಗೆ. ನಾನು ವಿಮಾನ ಹತ್ತಿದವನಲ್ಲ ಎಂಬುದು ಬೇರೆ ಮಾತು.

"ಬಾಯಿ, ಯಾಕ ಕೈ ನೋಯಿಸ್ಕೋತೀರಿ? ಇಲ್ಲಿ ನೋಡ್ರಿ" ಎಂದು ಗುಂಡಿ ಒತ್ತಿ ತೋರಿಸಿದೆ. ನೆಟ್ಟಿನ ತಂತಿ ಕಿತ್ತೆ. ಪುಟ ಹಾಗೇ ಇತ್ತು. ಮಾಂತ್ರಿಕನ ಹಾಗೆ ಕೈ ಒರೆಸಿಕೊಂಡೆ.

ಅವರು ತಂತಿಯನ್ನೂ ಪರದೆಯನ್ನೂ ಎರಡೆರಡು ಸಲ ನೋಡಿದರು. "ಇದು ಇಲ್ಲೇ ಇರ್ತದೇನ್ರಿ? ಎಲ್ಲೂ ಹೋಗಲ್ಲ?"

"ಎಲ್ಲಿಗಿ ಹೋಗ್ತದ? ನಿಮ್ಮ ನೋಟುಬುಕ್ಕಿಗಿ ಇಲಿ ಬಡೀಬಹುದು, ನೀರು ಬೀಳಬಹುದು. ಇದಕ್ಕ ಏನೂ ಆಗಲ್ಲ."

ಅವರು ಪೆನ್ನಿನ ಟೊಪ್ಪಿಗೆ ಮುಚ್ಚಿದರು. ನನ್ನ ಮಾತಿನ ಮೇಲೆ ಮುಚ್ಚಿದರು.

ಐದು ತಿಂಗಳು ಹೀಗೆ ನಡೆಯಿತು. ನೆಟ್ ಬಂದಾಗ ಇಬ್ಬರೂ ಸೇರಿ ಪುಟಗಳನ್ನು ಹುಡುಕಿ ಸಂದೂಕಕ್ಕೆ ತುಂಬುತ್ತಿದ್ದೆವು; ಹೋದಾಗ ಅವರು ಕೂತು ಓದುತ್ತಿದ್ದರು. ಲಸಿಕೆಯ ವೇಳಾಪಟ್ಟಿ, ಗರ್ಭಿಣಿಯರ ಆರೈಕೆ, ಮಕ್ಕಳ ಹಕ್ಕಿನ ಕಾಯ್ದೆ, ಕನ್ನಡ ವ್ಯಾಕರಣ, ಹಳೆಯ ಪ್ರಶ್ನೆಪತ್ರಿಕೆಗಳು. ಗಟ್ಟಿಯಾಗಿ ಓದುವುದು ಅವರ ರೂಢಿ, ಸಾಲಿನ ಕೆಳಗೆ ಬೆರಳು ಇಟ್ಟುಕೊಂಡು. ಸಂಜೆ ಅವರು ಹೋದ ಮೇಲೆ ಪರದೆಯ ತುಂಬ ಬೆರಳಿನ ಗುರುತುಗಳು ಅಡ್ಡಡ್ಡ ಗೆರೆಗಳಾಗಿ ಉಳಿದಿರುತ್ತಿದ್ದವು. ನಾನು ಮೊದಮೊದಲು ಒರೆಸುತ್ತಿದ್ದೆ, ಆಮೇಲೆ ಬಿಟ್ಟೆ. ಗಣಿತವನ್ನು ನಾನೇ ಹೇಳಿಕೊಡುತ್ತಿದ್ದೆ. ಶೇಕಡಾವಾರು ಎಂದರೆ ಅವರಿಗೆ ತಲೆನೋವು. "ನೂರಕ್ಕ ಎಷ್ಟು ಅಂತ ಯಾಕ ಕೇಳ್ತಾರ್ರಿ, ನಮ್ಮಲ್ಲಿ ಇರೋ ಮಕ್ಕಳೇ ಮೂವತ್ತೆರಡು" ಎನ್ನುತ್ತಿದ್ದರು.

ಪರೀಕ್ಷೆಗೆ ಏಳು ವಾರವಿದ್ದಾಗ, ಒಂದು ಶುಕ್ರವಾರ, ಆ್ಯಪು ನನ್ನನ್ನು ಮಾತಾಡಿಸಿತು. ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳುತ್ತೀರಾ ಎಂದು. ನಮ್ಮಲ್ಲಿ ಯಾರೂ ನನ್ನ ಅಭಿಪ್ರಾಯವನ್ನು ಇಷ್ಟು ವಿನಯದಿಂದ ಕೇಳಿದವರಲ್ಲ. ಒತ್ತಿದೆ. ಮತ್ತೇನೋ ಕೇಳಿತು. 'ಹೌದು' ಒತ್ತಿದೆ. ಮತ್ತೊಮ್ಮೆ ಕೇಳಿತು. 'ಮುಂದುವರಿಯಿರಿ' ಒತ್ತಿದೆ. ಓದಿದ್ದೆನೇ? ಮೂವತ್ತು ವರ್ಷ ಮಕ್ಕಳಿಗೆ 'ಪ್ರಶ್ನೆ ಪೂರ್ತಿ ಓದಿ ಆಮೇಲೆ ಉತ್ತರ ಬರೀರಿ' ಎಂದು ಬೋಧಿಸಿದ ಮನುಷ್ಯ ನಾನು, ನಾನು ಓದುವುದುಂಟೆ?

ಮರುದಿನ ಶನಿವಾರ. ಪ್ರಯಾಗಬಾಯಿ ಬಂದು ಕೂತರು. ಆ್ಯಪು ತೆರೆದುಕೊಂಡಿತು, ತೊಳೆದಿಟ್ಟ ತಾಟಿನ ಹಾಗೆ ಹೊಳೆಯುತ್ತಿತ್ತು. ಮೂಲೆಯ ಗುಂಡಿ ಇರಲಿಲ್ಲ.

"ಸರ್, ಸಂದೂಕ ಎಲ್ಲದ ರಿ?"

ಹುಡುಕಿದೆ. ಮೇಲೆ ಹುಡುಕಿದೆ, ಕೆಳಗೆ ಹುಡುಕಿದೆ, ಮುಚ್ಚಿ ತೆರೆದು ಹುಡುಕಿದೆ. ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಿದೆ. ಅದು ತಜ್ಞರ ಕೊನೆಯ ಮಂತ್ರ. ಐದು ತಿಂಗಳ ಪುಟಗಳಲ್ಲಿ ಒಂದೂ ಇರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಬಾಯಿಂದ ಬಂದ ಮೊದಲ ಮಾತು, "ಕಂಪನಿಯವರು ಏನೋ ಮಾಡ್ಯಾರ್ರಿ." ಆ ಕ್ಷಣಕ್ಕೆ ಅದು ಸುಳ್ಳೆಂದು ನನಗೂ ಗೊತ್ತಿರಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಪರವಾಗಿ ಸಾಕ್ಷಿ ಹೇಳಬಲ್ಲೆ.

ನಾಳೆ ಭಾಲ್ಕಿಗೆ ಒಯ್ದು ತೋರಿಸುತ್ತೇನೆಂದು ಹೇಳಿ ಅವರನ್ನು ಕಳಿಸಿದ ಮೇಲೆ, ಕಳೆದದ್ದನ್ನು ಹುಡುಕುವ ಉತ್ಸಾಹದಲ್ಲಿ, ಕಂಪ್ಯೂಟರನ್ನು 'ಚೊಕ್ಕಟಗೊಳಿಸುವ' ಒಂದು ಆ್ಯಪು ಹಾಕಿ ಎರಡು ಸಲ ಓಡಿಸಿದೆ. ಅದು ತನ್ನ ಹೆಸರಿಗೆ ತಕ್ಕ ಹಾಗೆ ನಡೆದುಕೊಂಡಿತು.

ಮರುದಿನ ಭಾನುವಾರ ಹೆಡ್‌ಮಾಸ್ತರರನ್ನು ಒಪ್ಪಿಸಿ, ಕಂಪ್ಯೂಟರಿನ ಪೆಟ್ಟಿಗೆಯನ್ನು ಚಾದರದಲ್ಲಿ ಸುತ್ತಿ, ಔರಾದದಿಂದ ಭಾಲ್ಕಿಯ ಬಸ್ಸು ಹತ್ತಿದೆ. ತೊಡೆಯ ಮೇಲಿಟ್ಟುಕೊಂಡ ಗಂಟನ್ನು ಕಂಡಕ್ಟರು ಬೆರಳಿನಿಂದ ತಟ್ಟಿದ.

"ಇದರಾಗ ಏನದ್ರಿ?"

"ಕಂಪ್ಯೂಟರ್."

"ಕೆಟ್ಟದೇನ್ರಿ?"

"ಇಲ್ಲಪ್ಪ, ಛಲೋ ಆಗ್ಯಾದ. ಅಪ್‌ಡೇಟ್ ಆಗ್ಯಾದ."

ಪಕ್ಕದಲ್ಲಿ ಕೂತ ಮುದುಕಿ ಕನಿಕರದಿಂದ ನನಗೆ ಇನ್ನಷ್ಟು ಜಾಗ ಬಿಟ್ಟುಕೊಟ್ಟಳು.

ಭಾಲ್ಕಿಯ ರೈಲ್ವೆ ಸ್ಟೇಷನ್ನಿನ ಕಡೆ ಹೋಗುವ ರಸ್ತೆಯಲ್ಲಿ ವಾಹೇದ್ ಮಿಯಾ ಅವರ ಅಂಗಡಿ. ಅವರ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು, ಇವರು ಕಂಪ್ಯೂಟರ್. ಮಾತು ಕಡಿಮೆ, ಯಂತ್ರಗಳ ಬಗ್ಗೆ ಇರುವ ಗೌರವ ಯಂತ್ರದ ಯಜಮಾನರ ಬಗ್ಗೆ ಇರಲಿಲ್ಲ. ನಾನು ಕಂಪನಿಯ ಅನ್ಯಾಯವನ್ನು ವಿಸ್ತಾರವಾಗಿ ವರ್ಣಿಸಿದೆ. ಅವರು ನನ್ನ ಪೆಟ್ಟಿಗೆಗೆ ತಂತಿ ಚುಚ್ಚಿ ಒಂದು ಗಂಟೆ ಹುಡುಕಿ, ತಲೆ ಅಲ್ಲಾಡಿಸಿದರು. ಆಮೇಲೆ ತಮ್ಮದೇ ಒಂದು ಹಳೆಯ ಯಂತ್ರ ಎಳೆದು, ಆ ಆ್ಯಪಿನ ಹಳೆಯ ಆವೃತ್ತಿ ಹಾಕಿ, ಒಂದು ಪುಟ ಉಳಿಸಿ, ನನ್ನ ಕಣ್ಣೆದುರೇ ಹೊಸ ಆವೃತ್ತಿಗೆ ಒತ್ತಿದರು. ಪರದೆಯ ಮೇಲೆ ಒಂದು ಚೌಕ ಮೂಡಿತು.

"ಓದ್ರಿ ಮಾಸ್ತರ್ ಸಾಬ್" ಎಂದರು.

ಓದಿದೆ. ಉಳಿಸಿದ ಪುಟಗಳ ಸೌಲಭ್ಯ ಹೊಸ ಆವೃತ್ತಿಯಲ್ಲಿ ಇರುವುದಿಲ್ಲ, ಪುಟಗಳನ್ನು ಮೊದಲು ಬೇರೆ ಕಡೆ ಇಟ್ಟುಕೊಳ್ಳುತ್ತೀರಾ, ಅಥವಾ ಅಳಿಸಿಬಿಡಲೇ? ಅದರ ಕೆಳಗೆ ಇನ್ನೊಂದು ಚೌಕ: ಖಚಿತವೇ?

"ಮಷೀನ್ ಎರಡು ಸಲ ಕೇಳ್ಯಾದ ರಿ. ನೀವು ಎರಡು ಸಲ ಹೌದು ಅಂದೀರಿ. ಕಂಪನಿಗಿ ಯಾಕ ಬೈತೀರಿ?" ಆಮೇಲೆ ಮೆತ್ತಗೆ, "ಅದಾದ ಮ್ಯಾಗೂ ಸುಮ್ನ ಬಿಟ್ಟಿದ್ರ ನಾ ಒಂದಿಷ್ಟು ತಗೀತಿದ್ದೆ. ಆ ಸಾಫ್ ಮಾಡೋ ಆ್ಯಪ್ ಹಾಕೀರಿ ನೋಡ್ರಿ, ಅದರಾಗ ಖತಮ್" ಎಂದರು.

ಪೆಟ್ಟಿಗೆಯನ್ನು ಮತ್ತೆ ಚಾದರದಲ್ಲಿ ಸುತ್ತಿಕೊಂಡೆ. ಬರುವಾಗ ಬಸ್ಸಿನಲ್ಲಿ ಏನು ಹೇಳಬೇಕೆಂದು ಕೂಡಿಸಿ ಕಳೆದು ನೋಡಿದೆ. ನಿಜ ಹೇಳುವುದು ಬಹಳ ಸರಳವಾಗಿತ್ತು, ನಾಲ್ಕೇ ಪದ: ನಾನು ಓದದೆ ಒತ್ತಿದೆ ಬಾಯಿ. ಆದರೆ ಔರಾದದಲ್ಲಿ ನನಗೊಂದು ಹೆಸರಿತ್ತು. ತಹಸೀಲ್ ಕಚೇರಿಯವರೂ ಪ್ರಿಂಟರ್ ನಿಂತರೆ ನನಗೆ ಹೇಳಿ ಕಳಿಸುತ್ತಿದ್ದರು. ಪ್ರಿಂಟರ್ ನನ್ನನ್ನು ನೋಡಿ ನಡೆಯುತ್ತಿತ್ತು ಎಂದಲ್ಲ. ಹೇಳಿ ಕಳಿಸುತ್ತಿದ್ದರು ಎಂಬುದೇ ಸುಖ.

ಮುಂದಿನ ಶನಿವಾರ ಅವರು ಬಂದಾಗ ಕೋಣೆಯ ಒಳಗೂ ಬರದೆ ಬಾಗಿಲಲ್ಲೇ ಕೇಳಿದರು: "ಏನಂದ್ರು ರಿ ಭಾಲ್ಕಿಯವರು?"

"ನಮ್ಮದೇನೂ ತಪ್ಪಿಲ್ಲಂತ್ರಿ. ಕಂಪನಿಯವರು ತಾವೇ ತಗದಾರ, ಎಲ್ಲಾರದೂ ಹಿಂಗೇ ಆಗ್ಯಾದ. ನಾ ಅರ್ಜಿ ಬರದೀನಿ. ಎರಡು ವಾರದಾಗ ವಾಪಸ್ ಹಾಕ್ತಾರ."

"ಖರೇ ಹಾಕ್ತಾರೇನ್ರಿ? ಬರಲ್ಲ ಅಂದ್ರ ಈಗೇ ಹೇಳ್ರಿ ಸರ್. ನಾ ಇವತ್ತಿಂದೇ ಬರಕೋತೇನಿ. ನನ್ನ ನೋಟುಬುಕ್ಕು ಚೀಲದಾಗೇ ಅದ."

ನೋಡಿ, ಸುಳ್ಳಿನಿಂದ ಇಳಿದು ಹೋಗಲು ಬಾಗಿಲನ್ನು ಅವರೇ ತೆರೆದು ಹಿಡಿದಿದ್ದರು. ನಾನು ಇಳಿಯಲಿಲ್ಲ.

"ಬರ್ತದ ಬಾಯಿ, ಫಿಕರ್ ಮಾಡಬ್ಯಾಡ್ರಿ."

ಅವರು ಮೂರು ಶನಿವಾರ ಬಂದರು. ಮೊದಲ ಶನಿವಾರ ಗಣಿತ ಮಾಡಿ ಹೋದರು. ಎರಡನೆಯ ಶನಿವಾರ, ಬಂದಿತೇ ಎಂದು ಕೇಳಿದರು. ಕಂಪನಿಯಿಂದ ಉತ್ತರ ಬಂದಿದೆ, ಕೆಲಸ ನಡೆದಿದೆ ಎಂದೆ. ಆ ಉತ್ತರವನ್ನು ಇಂಗ್ಲಿಷಿನಲ್ಲಿ ನಾನೇ ಬರೆದು ನನಗೇ ಕಳಿಸಿಕೊಂಡು ಅವರಿಗೆ ಪರದೆಯ ಮೇಲೆ ತೋರಿಸಿದೆ. ಕಂಪನಿಯವರ ಇಂಗ್ಲಿಷಿನಲ್ಲಿ ಎರಡು ವ್ಯಾಕರಣದ ತಪ್ಪಿದ್ದವು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಾದ್ದರಿಂದ ಕಂಪನಿಯ ಮಾನ ಉಳಿಯಿತು. ಮೂರನೆಯ ಶನಿವಾರ ಅವರು ಏನೂ ಕೇಳಲಿಲ್ಲ. ಸುಮ್ಮನೆ ಕಂಪ್ಯೂಟರ್ ಮುಂದೆ ಕೂತು, ಸಂದೂಕ ಇದ್ದ ಮೂಲೆಯನ್ನು ನೋಡಿ, ಚೀಲದಿಂದ ನೋಟುಬುಕ್ಕು ತೆಗೆದರು. ಅವತ್ತು ನೆಟ್ಟೂ ಬರಲಿಲ್ಲ. ನೆನಪಿನಲ್ಲಿದ್ದದ್ದನ್ನೇ ಒಂದೂವರೆ ಪುಟ ಬರೆದು, ಸಂಜೆಯ ಬಸ್ಸಿಗೆ ಎದ್ದರು. ಆಮೇಲೆ ಬರಲಿಲ್ಲ. ಯಾರದೋ ಮಗಳ ಹತ್ತಿರ ಹಳೆಯ ಪುಸ್ತಕ ಸಿಕ್ಕಿತೆಂದು, ಮನೆಯಲ್ಲೇ ಓದುತ್ತಿದ್ದಾರೆಂದು ಕೇಳಿದೆ. ಬೀದರಿಗೆ ಬಂದು ಪರೀಕ್ಷೆ ಬರೆದು ಹೋದರು.

ಎರಡು ಅಂಕ ಕಡಿಮೆ ಬಿದ್ದವು.

ಔರಾದದ ಬಸ್ ನಿಲ್ದಾಣದಲ್ಲಿ ಒಂದು ದಿನ ಸಿಕ್ಕರು. ನಾನೇ ತಪ್ಪಿಸಿಕೊಂಡು ಹೋಗಬಹುದಿತ್ತು, ಅವರು ಕರೆದರು. ಫಲಿತಾಂಶ ಹೇಳಿ, ನನ್ನ ಮುಖ ನೋಡಿ, ನನ್ನನ್ನೇ ಸಮಾಧಾನ ಮಾಡಿದರು: "ಇರ್ಲಿ ಬಿಡ್ರಿ ಸರ್, ನೀವ್ಯಾಕ ಸಣ್ಣ ಮುಖ ಮಾಡ್ತೀರಿ. ನೀವು ಎಷ್ಟು ಓಡ್ಯಾಡಿದ್ರಿ ನನ್ನ ಸಲುವಾಗಿ, ಭಾಲ್ಕಿತನಕ ಹೊತ್ತುಕೊಂಡು ಹೋದ್ರಿ. ಕಂಪನಿಯವರಿಗಿ ನಮ್ಮ ಕಷ್ಟ ಏನ್ ಗೊತ್ತು?"

ಆಗಲೂ ನಾನು ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಬೀದರಿಗೆ ವರ್ಗವಾಯಿತು. ಬೀಳ್ಕೊಡುಗೆಯಲ್ಲಿ ಶಾಲೆಯವರು ಶಾಲು ಹೊದಿಸಿ, ಔರಾದಕ್ಕೆ ಕಂಪ್ಯೂಟರ್ ಜ್ಞಾನ ತಂದವನೆಂದು ಭಾಷಣ ಮಾಡಿದರು. ಕೇಳುತ್ತ ಕೂತೆ. ಶಾಲು ಬೆಚ್ಚಗಿತ್ತು.

ಇಷ್ಟನ್ನೂ ಎರಡು ತಿಂಗಳ ಹಿಂದಿನ ಆ ಬೆಳಿಗ್ಗೆ ಹೆಂಡತಿಗೆ ಹೇಳಿದೆ. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅವಳಿಗೆ ಹೇಳದೆ ಉಳಿಸಿಕೊಂಡದ್ದು ಬಹಳ ಕಡಿಮೆ. ಇದು ಅದರಲ್ಲಿ ಒಂದು. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಆ ಬಾಯಿ ಇನ್ನಾ ಅದಾರೇನು?"

"ಅದಾರ. ಇನ್ನಾ ಅದೇ ಅಂಗನವಾಡಿಯಾಗ."

"ಮತ್ತ ನನಗ್ಯಾಕ ಹೇಳ್ಲತ್ತೀರಿ?" ಎಂದಳು.

ಮರುದಿನ ಔರಾದಕ್ಕೆ ಹೋಗಿ, ಅಲ್ಲಿಂದ ಚಿಂತಾಕಿಯ ಬಸ್ಸು ಹಿಡಿದೆ. ಹೊಲಗಳಲ್ಲಿ ತೊಗರಿ ಸೊಂಟದೆತ್ತರ ನಿಂತಿತ್ತು. ದಾರಿಯುದ್ದಕ್ಕೂ ಅವರು ಊರಲ್ಲಿ ಇರಲಿಕ್ಕಿಲ್ಲ, ರಜೆ ಹಾಕಿರಬಹುದು, ನೆಂಟರ ಊರಿಗೆ ಹೋಗಿರಬಹುದು ಎಂದು ಅವರಿಗೆ ಒಂದೊಂದೇ ಊರು ಸುತ್ತಿಸಿದೆ. ಅವರು ಎಲ್ಲೂ ಹೋಗಿರಲಿಲ್ಲ, ಅಂಗನವಾಡಿಯಲ್ಲೇ ಇದ್ದರು. ಮಕ್ಕಳು ಆಗಷ್ಟೇ ಮನೆಗೆ ಹೋಗಿದ್ದರು. ಪ್ರಯಾಗಬಾಯಿ ಗೋಡೆಗೆ ಒರಗಿ ಕೂತು ಮೊರದಲ್ಲಿ ಬ್ಯಾಳಿ ಹಸನು ಮಾಡುತ್ತಿದ್ದರು. ಕೂದಲು ಬೆಳ್ಳಗಾಗಿತ್ತು, ಮೂಗಿನ ಮೇಲೆ ಕನ್ನಡಕ ಬಂದಿತ್ತು.

"ಅಯ್ಯ ಸರ್! ಬರ್ರಿ ಬರ್ರಿ" ಎಂದು ಎದ್ದು ಇದ್ದ ಒಂದೇ ಖುರ್ಚಿಯನ್ನು ಸೆರಗಿನಿಂದ ಒರೆಸಿದರು. ನಾನು ಖುರ್ಚಿಯಲ್ಲಿ ಕೂರಲಿಲ್ಲ. ಮಕ್ಕಳ ಚಾಪೆಯ ಮೇಲೆ, ಮೊಣಕಾಲು ಲಟಕ್ಕೆನ್ನುತ್ತಿರಲು, ಕೂತೆ. ಬರುವ ದಾರಿಯಲ್ಲಿ ಒಂದು ಪೀಠಿಕೆ ಸಿದ್ಧ ಮಾಡಿಕೊಂಡಿದ್ದೆ. ಕಾಲ, ತಂತ್ರಜ್ಞಾನ, ಮನುಷ್ಯನ ದೌರ್ಬಲ್ಯ ಎಲ್ಲ ಅದರಲ್ಲಿದ್ದವು. ಒಂದೂ ನೆನಪಿಗೆ ಬರಲಿಲ್ಲ. ಓದದೆ ಒತ್ತಿದ್ದು ನಾನು, ಕಂಪನಿಯಲ್ಲ ಎಂದೆ. ಭಾಲ್ಕಿಯಲ್ಲಿ ತಿಳಿದದ್ದನ್ನು ಹೇಳಿದೆ. ಇಂಗ್ಲಿಷ್ ಉತ್ತರವನ್ನು ನಾನೇ ಬರೆದದ್ದನ್ನೂ ಹೇಳಿದೆ.

ಮೊರದ ಮೇಲೆ ಅವರ ಕೈ ನಿಂತಿತ್ತು.

"ಭಾಲ್ಕಿಗಿ ಹೋಗಿ ಬಂದಾಗ ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ನಾ ಬಾಗಿಲದಾಗ ನಿಂತು ಕೇಳಿದ್ದೆ. ಬರಲ್ಲ ಅಂದ್ರ ಹೇಳ್ರಿ ಅಂತ."

"ಕೇಳಿದ್ರಿ."

ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಅಳುತ್ತಾರೆಂದು ನಾನು ಅಂದುಕೊಂಡೆ. ಅಷ್ಟರಲ್ಲಿ ನಾನು ಕ್ಷಮೆಯ ದೃಶ್ಯವನ್ನೂ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆನೋ ಏನೋ. ಅವರು ಅಳಲಿಲ್ಲ. ದನಿ ಏರಿಸಲೂ ಇಲ್ಲ.

"ಒತ್ತಿದ್ದಕ್ಕ ನಂಗ ಸಿಟ್ಟಿಲ್ಲ ರಿ. ಕೈ ತಪ್ತದ. ನನ್ನ ಕೈಲಿಂದೂ ಎಷ್ಟೋ ತಪ್ಪ್ಯಾವ. ಆದ್ರ ನೀವು ಬರ್ತದ ಅಂದ್ರಿ. ನಾ ಮೂರು ವಾರ ಕಂಪನಿ ದಾರಿ ಕಾಯ್ದೆ. ಎರಡು ಅಂಕ ರಿ ಸರ್. ನೀವು ಗಣಿತದವರು, ನೀವೇ ಹೇಳ್ರಿ. ಮೂರು ವಾರದಾಗ ಎರಡು ಅಂಕ ಬರ್ತಿರಲಿಲ್ಲೇನು?"

ನಾನು ಜೀವನದಲ್ಲಿ ಬಿಡಿಸಿದ ಲೆಕ್ಕಗಳಲ್ಲಿ ಇದಕ್ಕಿಂತ ಸುಲಭವಾದದ್ದು ಇರಲಿಲ್ಲ. "ಬರ್ತಿದ್ವು" ಎಂದೆ.

"ಹತ್ತು ವರ್ಷ ನಾ ನಿಮ್ಮ ಹೆಸರು ಛಲೋ ಹೇಳ್ಕೋತ ಬಂದೀನಿ. ನನ್ನ ಸಲುವಾಗಿ ಓಡ್ಯಾಡಿದ್ರು ಅಂತ." ಅವರು ಕನ್ನಡಕ ಹಾಕಿಕೊಂಡು ಮತ್ತೆ ಬ್ಯಾಳಿಗೆ ಕೈ ಹಾಕಿದರು. ಒಂದು ಹರಳು ಆರಿಸಿ ಬಾಗಿಲಾಚೆ ಎಸೆದರು. "ನೀವು ಹೇಳ್ಲಿಕ್ಕಿ ಬಂದ್ರಿ, ಹೇಳಿದ್ರಿ. ನಿಮಗ ಹಗುರ ಆಗಿರಬೇಕು. ನಂಗ ಇವತ್ತಿಂದ ಶುರು ಆಯ್ತು. ಹೋಗ್ರಿ, ಬಸ್ ಬರೋ ಹೊತ್ತಾಯ್ತು."

ಎದ್ದೆ. ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ದನಿ ಬಂತು, ಮುಖ ಎತ್ತದೆ ಆಡಿದ ದನಿ.

"ಗಣಿತ ಇನ್ನಾ ನೆನಪದೇನು ನಿಮಗ?"

"ಅದ ರಿ."

"ನಮ್ಮ ಕಡೀದು ಮೂರು ಮಂದಿ ಹೆಣ್ಣುಮಕ್ಕಳು ಅದೇ ಪರೀಕ್ಷಾಕ್ಕ ತಯಾರಿ ಮಾಡ್ಲತ್ತಾರ. ಐತ್ವಾರ ಇಲ್ಲೇ ಕೂಡ್ತಾರ. ಉಳಿದಿದ್ದು ನಾ ಹೇಳ್ತೇನಿ, ಆ ನೂರಕ್ಕ ಎಷ್ಟು ಅನ್ನೋದು ನಂಗ ಇವತ್ತಿಗೂ ಬರಲ್ಲ. ಬರ್ತೀರಿ ಅಂದ್ರ ಖರೇ ಬರಬೇಕು. ಬರಲ್ಲ ಅಂದ್ರ ಈಗೇ ಹೇಳ್ರಿ."

"ಬರ್ತೇನಿ" ಎಂದೆ. ಈ ಸಲ ಹೇಳುವ ಮೊದಲು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡಿದ್ದೆ.

ಹಾಗಾಗಿ ಈಗ ಭಾನುವಾರ ಭಾನುವಾರ ಎರಡು ಬಸ್ಸು ಬದಲಿಸಿ ಚಿಂತಾಕಿಗೆ ಹೋಗುತ್ತೇನೆ. ಮಕ್ಕಳ ಮೊಣಕಾಲೆತ್ತರದ ಕರಿಹಲಗೆಯ ಮುಂದೆ ಅರ್ಧ ಬಾಗಿ ನಿಂತು ಶೇಕಡಾವಾರು ಬರೆಯುತ್ತೇನೆ. ಮೂವರೂ ಚುರುಕು, ಅವರಲ್ಲೊಬ್ಬಳು, ಶಬಾನಾ, ನನ್ನ ತಪ್ಪನ್ನು ನಾನು ಬರೆದು ಮುಗಿಸುವ ಮೊದಲೇ ಹಿಡಿಯುತ್ತಾಳೆ. ಪ್ರಯಾಗಬಾಯಿ ಹಿಂದೆ ಕೂತು ಕೇಳಿಸಿಕೊಳ್ಳುತ್ತಾರೆ. ನನ್ನೊಂದಿಗೆ ಲೆಕ್ಕದ ಮಾತು ಬಿಟ್ಟು ಬೇರೆ ಆಡುವುದಿಲ್ಲ. ನಡುವೆ ಒಮ್ಮೆ ಎದ್ದು ಹೋಗಿ ಚಹಾ ಮಾಡಿ ತಂದು ಮೂವರಿಗೂ ಕೊಟ್ಟು, ತಾವೊಂದು ಹಿಡಿದುಕೊಂಡು ಕೂರುತ್ತಾರೆ. ಮೊದಲ ಭಾನುವಾರ ಶಬಾನಾ ಗಾಬರಿಯಾಗಿ ತನ್ನದನ್ನು ನನ್ನ ಕಡೆ ಚಾಚಿದಳು. "ನೀ ಕುಡಿ" ಎಂದರು ಬಾಯಿ. ನಾನು ಹಲಗೆ ಒರೆಸಿದೆ.

ಹೋದ ಭಾನುವಾರ ಆರನೆಯದು. ಬಾಯಿ ಎಂದಿನಂತೆ ಎದ್ದು ಹೋದರು, ಎಂದಿನಂತೆ ಬಂದರು. ತಟ್ಟೆಯಲ್ಲಿ ಐದು ಕಪ್ಪು ಇದ್ದವು. ಐದನೆಯದನ್ನು ನನ್ನ ಕೈಗೆ ಕೊಡಲಿಲ್ಲ. ಹಲಗೆಯ ಪಕ್ಕ, ಸೀಮೆಸುಣ್ಣದ ಕಡ್ಡಿಗಳ ಹತ್ತಿರ ಇಟ್ಟು ಹೋಗಿ ಕೂತರು. ತೆಗೆದುಕೊಂಡು ಕುಡಿದೆ. ಸಕ್ಕರೆ ಹಾಕಿರಲಿಲ್ಲ. ಮರೆತಿರಬಹುದು, ಮರೆತಿಲ್ಲದೆಯೂ ಇರಬಹುದು. ನಾನು ಕೇಳಲಿಲ್ಲ, ಪೂರ್ತಿ ಕುಡಿದು ಕಪ್ಪು ತೊಳೆದಿಟ್ಟು ಮುಂದಿನ ಲೆಕ್ಕ ಬರೆದೆ.